ಬೇರಿನ ಶಿಲೀಂಧ್ರ ಲೋಹವನ್ನು ತಿನ್ನುತ್ತದೆಯೇ? ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ವಿಷಯದ ಮೇಲಿವೆ. ಗೊಬ್ಬರದ ಅಂಗಡಿಯಲ್ಲಿ ವ್ಯಾಮ್ ಅಂತ ಕೇಳಿದರೆ ಕೊಡುತ್ತಾರಲ್ಲ, ಪ್ಯಾಕೆಟ್ ಮೇಲೆ ಮೈಕೊರೈಜಾ ಅಂತ ಬರೆದಿರುತ್ತದೆ, ಗಿಡದ ಬೇರಿನ ಜೊತೆ ಬದುಕುವ ಆ ಶಿಲೀಂಧ್ರವನ್ನು ಹಾಕಿದರೆ ಸೀಸ, ತಾಮ್ರ ಸೇರಿ ಕೆಟ್ಟ ಮಣ್ಣು ಸರಿಹೋಗುತ್ತದೆಯೇ ಅನ್ನೋದು. ದಾವಣಗೆರೆ, ಚಿತ್ರದುರ್ಗ ಎರಡೂ ಕಡೆಯಿಂದ ಕೇಳಿದ್ದಾರೆ. ಕೆಲವರು ಹೆಸರು ಬೇಡ ಅಂದಿದ್ದರಿಂದ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ಮೇಡಂ, ನಮ್ಮದು ಹೊಳಲ್ಕೆರೆ ತಾಲ್ಲೂಕು. ಹೊಲ ಗಣಿ ಮಣ್ಣಿನ ಗುಡ್ಡೆಯ ಕೆಳಗಿದೆ. ಜೋರು ಮಳೆ ಬಂದಾಗಲೆಲ್ಲ ಕೆಂಪು ಹೂಳು ಹರಿದು ಬಂದು ಕೂರುತ್ತೆ. ಮೆಕ್ಕೆಜೋಳ ಮೊದಲಿನ ಹಾಗೆ ಬರ್ತಿಲ್ಲ. ವ್ಯಾಮ್ ಹಾಕಿ, ಲೋಹವನ್ನೆಲ್ಲ ಅದೇ ತಿಂದು ಹಾಕುತ್ತೆ ಅಂತ ಮಾರೋಕೆ ಬಂದವರು ಹೇಳಿದರು. ನಿಜಾನಾ?

ಉತ್ತರ: ತಿನ್ನುವುದಿಲ್ಲ. ಸೀಸ, ತಾಮ್ರ, ಮ್ಯಾಂಗನೀಸ್ ಇವೆಲ್ಲ ಮೂಲವಸ್ತುಗಳು. ಚೆಲ್ಲಿದ ಎಣ್ಣೆಯನ್ನೋ ಔಷಧಿಯನ್ನೋ ಮಣ್ಣಿನ ಜೀವಿಗಳು ಒಡೆದು ಬೇರೆ ಏನನ್ನೋ ಮಾಡಬಹುದು, ಲೋಹವನ್ನು ಹಾಗೆ ಮಾಡೋಕೆ ಯಾವ ಜೀವಿಗೂ ಆಗುವುದಿಲ್ಲ. ಇರೋದು ಎರಡೇ ದಾರಿ. ಲೋಹವನ್ನು ಅಲ್ಲಿಂದ ಎತ್ತಿ ಬೇರೆ ಕಡೆ ಸಾಗಿಸಬೇಕು, ಇಲ್ಲ ಅಂದ್ರೆ ಇದ್ದಲ್ಲೇ ಅಲುಗಾಡದ ಹಾಗೆ ಕಟ್ಟಿಹಾಕಬೇಕು. ಬೇರಿನ ಶಿಲೀಂಧ್ರ ಹೆಚ್ಚಾಗಿ ನೆರವಾಗುವುದು ಎರಡನೆಯದಕ್ಕೆ. ಮಾರೋಕೆ ಬರುವವರು ಇದನ್ನು ಹೇಳುವುದಿಲ್ಲ, ನನಗೆ ಬೇಜಾರಾಗುವುದು ಅಲ್ಲೇ, ಯಾಕಂದ್ರೆ ಅದು ನಿಜವಾಗಿ ಮಾಡುವ ಕೆಲಸವೇ ಸಾಕಷ್ಟು ದೊಡ್ಡದು.

ಅದು ಹೇಗೆ ಅಂತ ಹೇಳುತ್ತೇನೆ. ಈ ಶಿಲೀಂಧ್ರ ಬೇರಿನ ಒಳಕ್ಕೆ ಹೋಗಿ ಅಲ್ಲೇ ಮನೆ ಮಾಡುತ್ತದೆ, ಹೊರಕ್ಕೆ ಕೂದಲಿಗಿಂತ ಎಷ್ಟೋ ಪಟ್ಟು ಸಣ್ಣ ಎಳೆಗಳನ್ನು ಬಿಡುತ್ತದೆ. ಬೇರಿನ ರೋಮ ಒಂದೆರಡು ಮಿಲಿಮೀಟರ್ ದೂರ ಮುಟ್ಟಿದರೆ ಈ ಎಳೆಗಳು ಕೆಲವು ಸೆಂಟಿಮೀಟರ್ ಆಚೆಗೂ ಹೋಗಿ ರಂಜಕ ತರುತ್ತವೆ. ಬದಲಿಗೆ ಗಿಡ ತಾನು ಮಾಡಿದ ಸಕ್ಕರೆಯಲ್ಲಿ ಪಾಲು ಕೊಡುತ್ತದೆ. ನೆಲದ ಮೇಲಿನ ಗಿಡಗಳಲ್ಲಿ ನೂರಕ್ಕೆ 70ಕ್ಕಿಂತ ಜಾಸ್ತಿ ಈ ಜೊತೆ ಮಾಡಿಕೊಂಡಿವೆ. ಸ್ಕಾಟ್ಲೆಂಡಿನ ರೈನಿ ಅನ್ನುವ ಕಡೆ ಸಿಕ್ಕ 40 ಕೋಟಿ ವರ್ಷದಷ್ಟು ಹಳೆಯ ಕಲ್ಲಾದ ಗಿಡಗಳಲ್ಲೂ ಇಂಥದೇ ಶಿಲೀಂಧ್ರ ಕಂಡಿದೆ. ಇನ್ನು ಲೋಹದ ವಿಷಯ. ಎಳೆಗಳ ಗೋಡೆಯಲ್ಲಿ ಕೈಟಿನ್ ಇರುತ್ತದೆ, ಲೋಹ ಅದಕ್ಕೆ ಅಂಟಿಕೊಳ್ಳುತ್ತದೆ. ಸ್ವಲ್ಪ ಲೋಹ ಎಳೆಯ ಒಳಗಿನ ಚೀಲಗಳಲ್ಲಿ ರಂಜಕದ ಜೊತೆ ಸೇರಿ ಉಳಿದುಬಿಡುತ್ತದೆ. ಇದಲ್ಲದೆ ಗ್ಲೊಮಾಲಿನ್ ಅನ್ನುವ ಅಂಟು ಪದಾರ್ಥವೂ ಇದೆ, 1996ರಲ್ಲಿ ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿ ಸಾರಾ ರೈಟ್ ಅದನ್ನು ಗುರುತಿಸಿದರು, ಅದು ಮಣ್ಣಿನ ಕಣಗಳನ್ನೂ ಒಟ್ಟು ಮಾಡುತ್ತದೆ, ಲೋಹವನ್ನೂ ಹಿಡಿಯುತ್ತದೆ. ಇಷ್ಟೆಲ್ಲ ಆದಾಗ ಲೋಹ ಜಾಸ್ತಿ ಇರುವ ಮಣ್ಣಲ್ಲಿ ಕಾಂಡಕ್ಕೆ, ಎಲೆಗೆ, ಕಾಳಿಗೆ ಏರುವ ಪಾಲು ಸಾಮಾನ್ಯವಾಗಿ ಕಡಿಮೆಯಾಗುತ್ತದೆ, ಬೇರಿನಲ್ಲೇ ತಡೆದು ನಿಲ್ಲುತ್ತದೆ. ಯಾವಾಗಲೂ ಹೀಗೇ ಆಗುತ್ತದೆ ಅಂತಲ್ಲ. ಯಾವ ಶಿಲೀಂಧ್ರ, ಯಾವ ಗಿಡ, ಯಾವ ಲೋಹ, ಮಣ್ಣು ಎಷ್ಟು ಹುಳಿ, ಇದರ ಮೇಲೆ ಫಲಿತಾಂಶ ತಿರುಗುಮುರುಗಾಗಿದ್ದೂ ಉಂಟು. ಅದಕ್ಕೇ ಇದನ್ನು ಹಾಕಿದ್ದೀವಿ ಅಂತ ಕೆಟ್ಟ ಮಣ್ಣಿನ ಬೆಳೆಯನ್ನು ಧೈರ್ಯವಾಗಿ ತಿನ್ನೋಕಾಗಲ್ಲ.

ಈಗ ನಿಮ್ಮ ಹೊಲಕ್ಕೆ ಬರೋಣ. ಕಬ್ಬಿಣದ ಅದಿರಿನ ಹೂಳು ನೋಡೋಕೆ ಭಯ ಹುಟ್ಟಿಸುತ್ತದೆ, ಆದರೆ ನೀರು ಚೆನ್ನಾಗಿ ಬಸಿಯುವ ನೆಲದಲ್ಲಿ ಕಬ್ಬಿಣ ತುಕ್ಕಿನ ರೂಪದಲ್ಲಿ ಗಟ್ಟಿಯಾಗಿ ಕೂತಿರುತ್ತದೆ, ಗಿಡಕ್ಕೆ ವಿಷವಾಗುವುದು ಅಪರೂಪ. ಬೆಳೆ ಸೊರಗಲು ನನ್ನ ಅನುಮಾನ ಬೇರೆ ಕಡೆ ಇದೆ. ಹೂಳು ಮೇಲ್ಮಣ್ಣನ್ನು ಮುಚ್ಚಿ ಹೆಪ್ಪುಗಟ್ಟಿಸುತ್ತದೆ, ನೀರು ಇಳಿಯುವುದಿಲ್ಲ, ಅದರಲ್ಲಿ ಸಾವಯವ ಅಂಶ ಇಲ್ಲವೇ ಇಲ್ಲ ಅನ್ನಬೇಕು. ಮೇಲಾಗಿ ಆ ತುಕ್ಕು ರಂಜಕವನ್ನು ಹಿಡಿದಿಟ್ಟುಕೊಂಡು ಬೆಳೆಗೆ ಬಿಡುವುದಿಲ್ಲ, ನೀವು ಚೀಲಗಟ್ಟಲೆ ಡಿಎಪಿ ಹಾಕಿದರೂ ಅಷ್ಟೇ. ವ್ಯಾಮ್ ನಿಮಗೆ ಕೈಹಿಡಿಯುವುದಾದರೆ ಇಲ್ಲಿ, ರಂಜಕದ ವಿಷಯದಲ್ಲಿ. ಮ್ಯಾಂಗನೀಸ್ ಮಾತ್ರ ಹುಳಿ ಮಣ್ಣಲ್ಲಿ ನೀರು ನಿಂತರೆ ಕರಗಿ ಬೆಳೆಗೆ ಕಾಟ ಕೊಡಬಹುದು, ಹಾಗಾಗಿ ಮೊದಲು ಮಣ್ಣಿನ ಹುಳಿ ಎಷ್ಟು ಅಂತ ತೋರಿಸುವ ರಸಸಾರ (ಪಿಎಚ್) ನೋಡಿಸಿ.

ಒಂದು ಮಾತು ಗಮನಿಸಿ. ಮಣ್ಣು ಆರೋಗ್ಯ ಕಾರ್ಡಿನಲ್ಲಿ ಬರುವ 12 ಅಂಶಗಳಲ್ಲಿ ಸತು, ತಾಮ್ರ, ಕಬ್ಬಿಣ, ಮ್ಯಾಂಗನೀಸ್ ಇವೆ, ಅದೂ ಬೆಳೆಗೆ ಸಿಗುವಷ್ಟರ ಲೆಕ್ಕ. ಸೀಸ, ಕ್ಯಾಡ್ಮಿಯಂ, ಆರ್ಸೆನಿಕ್ ಅದರಲ್ಲಿ ಇಲ್ಲ. ಕಾರ್ಡ್ ಚೆನ್ನಾಗಿದೆ ಅಂದ ಮಾತ್ರಕ್ಕೆ ಮಣ್ಣಲ್ಲಿ ಅವಿಲ್ಲ ಅಂತ ಅಲ್ಲ. ಒಟ್ಟು ಭಾರಲೋಹದ ಪರೀಕ್ಷೆ ಬೇಕು ಅಂತ ಬಾಯಿಬಿಟ್ಟು ಕೇಳಬೇಕು. ಚಿತ್ರದುರ್ಗದವರಿಗೆ ಹಿರಿಯೂರಿನ ಬಬ್ಬೂರು ಫಾರಂನ ಕೃಷಿ ವಿಜ್ಞಾನ ಕೇಂದ್ರ, ದಾವಣಗೆರೆಯವರಿಗೆ ತರಳಬಾಳು ಕೃಷಿ ವಿಜ್ಞಾನ ಕೇಂದ್ರ ಇದೆ. ಮಣ್ಣನ್ನು ಹೇಗೆ ತೆಗೆಯಬೇಕು, ಲೋಹದ ಪರೀಕ್ಷೆಗೆ ಎಲ್ಲಿಗೆ ಕಳಿಸಬೇಕು ಅಂತ ಅಲ್ಲಿ ವಿಚಾರಿಸಿ.

ಇದೆಲ್ಲಕ್ಕಿಂತ ಮುಂಚೆ ಹೂಳು ಬರುವುದು ನಿಲ್ಲಬೇಕು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ, ಚಿತ್ರದುರ್ಗ, ತುಮಕೂರು ಜಿಲ್ಲೆಗಳಲ್ಲಿ ಕಬ್ಬಿಣದ ಅದಿರು ಗಣಿಗಾರಿಕೆ ನಿಲ್ಲಿಸಿತು, ಆಮೇಲೆ ಮತ್ತೆ ಶುರು ಮಾಡಬೇಕಾದರೆ ಪ್ರತಿ ಗಣಿಗೂ ಪುನಶ್ಚೇತನ ಯೋಜನೆ ಬೇಕು ಅಂತ ಆಯಿತು. ಗುಡ್ಡೆಯ ಸುತ್ತ ಕಾಲುವೆ, ತಡೆಗೋಡೆ, ಹಳ್ಳಕ್ಕೆ ಚೆಕ್ ಡ್ಯಾಂ ಇವೆಲ್ಲ ಅಂಥ ಯೋಜನೆಯಲ್ಲಿ ಬರುವ ಕೆಲಸಗಳು. ನಿಮ್ಮ ಮೇಲಿನ ಗುಡ್ಡೆಗೆ ಅದು ಆಗಿದೆಯೇ ಅಂತ ಗಣಿ ಮತ್ತು ಭೂವಿಜ್ಞಾನ ಇಲಾಖೆಯಲ್ಲಿ ಬರಹದಲ್ಲೇ ಕೇಳಿ. ಹೂಳು ವರ್ಷ ವರ್ಷ ಬರುತ್ತಲೇ ಇದ್ದರೆ ಕೆಳಗೆ ಯಾವ ಪ್ಯಾಕೆಟ್ ಸುರಿದರೂ ದುಡ್ಡು ದಂಡ.

ಪ್ರಶ್ನೆ: ದಾವಣಗೆರೆಯಲ್ಲಿ ಒಂದು ಮೂವತ್ತು ನಲವತ್ತರ ಸೈಟ್ ತಗೊಂಡು ಮನೆ ಕಟ್ಟಿದ್ದೀವಿ. ಮೊದಲು ಅಲ್ಲಿ ಹಳೇ ಬ್ಯಾಟರಿ ಒಡೆಯುವ ಶೆಡ್ ಇತ್ತಂತೆ, ಆಮೇಲೆ ಗೊತ್ತಾಯಿತು. ಹಿತ್ತಲಲ್ಲಿ ಸೊಪ್ಪು ಹಾಕಿದ್ದೀನಿ. ಸೂರ್ಯಕಾಂತಿ ಬೆಳೆದು ವ್ಯಾಮ್ ಕೊಟ್ಟರೆ ಒಂದೆರಡು ಬೆಳೆಯಲ್ಲಿ ಸೀಸ ಎಳೆದುಕೊಳ್ಳುತ್ತೆ ಅಂತ ಯೂಟ್ಯೂಬಲ್ಲಿ ನೋಡಿದೆ. ಮನೇಲಿ ಮೂರು ವರ್ಷದ ಮಗು ಇದೆ.

ಉತ್ತರ: ನಿಮ್ಮ ಪತ್ರವನ್ನೇ ಮೊದಲು ಓದಿದೆ, ಮಗು ಇದೆ ಅಂದಿದ್ದಕ್ಕೆ. ದಯವಿಟ್ಟು ಈ ವಾರವೇ ಮಗುವಿನ ರಕ್ತದಲ್ಲಿ ಸೀಸದ ಪರೀಕ್ಷೆ ಮಾಡಿಸಿ, ಮಕ್ಕಳ ಡಾಕ್ಟರ ಹತ್ತಿರ ಶೆಡ್ಡಿನ ವಿಷಯ ಬಿಡಿಸಿ ಹೇಳಿ. ಇಷ್ಟರವರೆಗೆ ಇದ್ದರೆ ಪರವಾಗಿಲ್ಲ ಅನ್ನುವ ಮಟ್ಟ ಸೀಸಕ್ಕೆ ಇಲ್ಲ. ಒಂದು ಡೆಸಿಲೀಟರ್ ರಕ್ತದಲ್ಲಿ 5 ಮೈಕ್ರೋಗ್ರಾಂ ಮುಟ್ಟಿದರೆ ಅದು ಎಲ್ಲಿಂದ ಬರುತ್ತಿದೆ ಅಂತ ಹುಡುಕಿ ತಡೆಯಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದೆ. ಸೊಪ್ಪನ್ನು ಕಿತ್ತು ಹಾಕಿ, ತಿನ್ನಬೇಡಿ. ಕೋಳಿ ಇದ್ದರೆ ಆ ಮಣ್ಣಲ್ಲಿ ಕೆದಕಲು ಬಿಡಬೇಡಿ, ಮೊಟ್ಟೆಗೂ ಸೀಸ ಬರುತ್ತದೆ.

ಆ ವಿಡಿಯೋ ಹೇಳಿದ್ದನ್ನು ಲೆಕ್ಕ ಹಾಕಿ ನೋಡೋಣ, ಆಗ ನಿಮಗೇ ಗೊತ್ತಾಗುತ್ತದೆ. ನಿಮ್ಮದು 1200 ಚದರಡಿ. ಮನೆ ಬಿಟ್ಟು ಪೂರಾ ಖಾಲಿ ಜಾಗ ಅಂತಲೇ ಇಟ್ಟುಕೊಳ್ಳಿ, ಅರ್ಧ ಅಡಿ ಆಳದ ಮಣ್ಣು ಸುಮಾರು 22 ಟನ್ ತೂಗುತ್ತದೆ. ಕೆಜಿಗೆ 1000 ಮಿಲಿಗ್ರಾಂ ಸೀಸ ಇದೆ ಅಂದುಕೊಂಡರೆ ಒಟ್ಟು 22 ಕೆಜಿ ಸೀಸ ಆಯಿತು. ಸೂರ್ಯಕಾಂತಿ ಚೆನ್ನಾಗಿ ಬಂದು ಒಣಗಿಸಿದ ಮೇಲೆ 110 ಕೆಜಿ ತೂಗಿತು, ಅದರಲ್ಲಿ ಕೆಜಿಗೆ 100 ಮಿಲಿಗ್ರಾಂ ಸೀಸ ಏರಿತು ಅಂತ ಉದಾರವಾಗಿಯೇ ಹಿಡಿಯೋಣ. ಒಂದು ಬೆಳೆಗೆ ಹೊರಗೆ ಹೋಗುವುದು 11 ಗ್ರಾಂ. ಅರ್ಧದಷ್ಟು ಸೀಸ ತೆಗೆಯೋಕೆ ಸಾವಿರ ಬೆಳೆ ಬೇಕು! ಸೀಸ ಮಣ್ಣಿಗೆ ಅಷ್ಟು ಬಿಗಿಯಾಗಿ ಅಂಟಿರುತ್ತದೆ, ಬೇರಿಗೆ ಬಂದರೂ ಬೇರಲ್ಲೇ ನಿಲ್ಲುತ್ತದೆ, ಶಿಲೀಂಧ್ರ ಸೇರಿದರೆ ಇನ್ನೂ ಹೆಚ್ಚು ಅಲ್ಲೇ ನಿಲ್ಲುತ್ತದೆ. ಅಣುಸ್ಥಾವರ ದುರಂತವಾದ ಚೆರ್ನೋಬಿಲ್ ಹತ್ತಿರ ಸೂರ್ಯಕಾಂತಿ ಬಳಸಿದ್ದು ನಿಜ, ಆದರೆ ಅದು ಕೊಳದ ನೀರಿನಲ್ಲಿ, ತೆಪ್ಪದ ಮೇಲೆ ಬೆಳೆಸಿ, ಸೀಸಿಯಂ ಮತ್ತು ಸ್ಟ್ರಾನ್ಷಿಯಂ ಅನ್ನುವ ವಿಕಿರಣ ವಸ್ತುಗಳನ್ನು ತೆಗೆಯೋಕೆ. ನಿಮ್ಮ ಹಿತ್ತಲಿಗೆ ಅದು ಹೊಂದುವುದಿಲ್ಲ. ಇಡಿಟಿಎ ಅನ್ನುವ ರಾಸಾಯನಿಕ ಸುರಿದು ಸೀಸವನ್ನು ಸಡಿಲ ಮಾಡಿ ಅಂತಲೂ ಕೆಲವರು ಹೇಳುತ್ತಾರೆ. ಬೇಡವೇ ಬೇಡ, ಸಡಿಲವಾದ ಸೀಸ ಗಿಡಕ್ಕೇ ಹೋಗುತ್ತದೆ ಅಂತ ಏನಿದೆ, ಬೋರ್‌ವೆಲ್ ನೀರಿಗೂ ಇಳಿಯಬಹುದು.

ಹಾಗಾದರೆ ಏನು ಮಾಡುವುದು? ಮಣ್ಣಿನ ಪರೀಕ್ಷೆ ಮಾಡಿಸಿ. ಅಮೆರಿಕದಲ್ಲಿ ಮನೆಯಂಗಳದ ಮಣ್ಣಿಗೆ ಎಚ್ಚರಿಕೆಯ ಮಟ್ಟ ಕೆಜಿಗೆ 400 ಮಿಲಿಗ್ರಾಂ ಅಂತ ಇತ್ತು, 2024ರಲ್ಲಿ ಅದನ್ನು 200ಕ್ಕೆ ಇಳಿಸಿದರು, ನಿಮ್ಮ ವರದಿ ಬಂದಾಗ ಇದಕ್ಕೆ ಹೋಲಿಸಿ ನೋಡಬಹುದು. ಜಾಸ್ತಿ ಬಂದರೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ವರದಿಯ ಪ್ರತಿ ಇಟ್ಟು ಅರ್ಜಿ ಕೊಡಿ. ತೀರಾ ಕೆಟ್ಟಿರುವ ಮೇಲ್ಮಣ್ಣನ್ನು ತೆಗೆಸುವುದಾದರೆ ಅವರ ಮೂಲಕವೇ ಆಗಬೇಕು, ಟ್ರ್ಯಾಕ್ಟರ್‌ನವರಿಗೆ ಹೇಳಿ ಊರಾಚೆ ಸುರಿಸಿದರೆ ನಿಮ್ಮ ಕಷ್ಟ ಇನ್ನೊಬ್ಬರ ಮಗುವಿಗೆ ಹೋಗುತ್ತದೆ. ಉಳಿದ ಕಡೆ ಒಂದು ಅಡಿ ಒಳ್ಳೆ ಮಣ್ಣು ಹೊದಿಸಿ ಗರಿಕೆ ಹಚ್ಚಿ. ವ್ಯಾಮ್ ಬಳಸಬೇಕಾದ್ದು ಆ ಗರಿಕೆಗೆ. ಬೇರು ಗಟ್ಟಿಯಾಗಿ ಹಬ್ಬಿದರೆ ದೂಳು ಏಳುವುದಿಲ್ಲ, ಮಕ್ಕಳ ಹೊಟ್ಟೆಗೆ ಸೀಸ ಜಾಸ್ತಿ ಹೋಗುವುದು ದೂಳಿನಿಂದ, ಮಣ್ಣು ಮೆತ್ತಿದ ಕೈಯಿಂದ. ಚಪ್ಪಲಿ ಹೊರಗೇ ಇರಲಿ. ಪೊರಕೆ ಹಿಡಿಯುವ ಬದಲು ನೆಲವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ಸೊಪ್ಪು ತರಕಾರಿಯನ್ನು ಹೊರಗಿನ ಮಣ್ಣು ತಂದು ಕುಂಡದಲ್ಲಿ ಬೆಳೆಯಿರಿ.

ಪ್ರಶ್ನೆ: ನಾನು ಚಿತ್ರದುರ್ಗದಲ್ಲಿ ಎಂ.ಎಸ್ಸಿ. ಓದುತ್ತಿದ್ದೇನೆ. ಪ್ರಾಜೆಕ್ಟಿಗೆ ತಾಮ್ರ ಬೆರೆಸಿದ ಮಣ್ಣಲ್ಲಿ ಸಾಸಿವೆ ಹಾಕಿ ಮೈಕೊರೈಜಾ ಕೊಟ್ಟೆ. ಬೇರಿಗೆ ಬಣ್ಣ ಹಾಕಿ ನೋಡಿದರೆ ಶಿಲೀಂಧ್ರವೇ ಕಾಣಲಿಲ್ಲ. ಪ್ಯಾಕೆಟ್ ಕೆಟ್ಟಿತ್ತಾ?

ಉತ್ತರ: ಪ್ಯಾಕೆಟ್ ಚೆನ್ನಾಗಿದ್ದಿರಬಹುದು. ಸಾಸಿವೆ ಈ ಶಿಲೀಂಧ್ರವನ್ನು ಒಳಗೆ ಬಿಟ್ಟುಕೊಳ್ಳುವುದೇ ಇಲ್ಲ. ಸಾಸಿವೆ, ಕೋಸು, ಮೂಲಂಗಿ ಇರುವ ಕುಟುಂಬ ಈ ಜೊತೆಗಾರಿಕೆಗೆ ಬೇಕಾದ ಜೀನ್‌ಗಳನ್ನೇ ಕಾಲಾಂತರದಲ್ಲಿ ಕಳೆದುಕೊಂಡಿದೆ. ದಂಟು, ಪಾಲಕ್, ಬೀಟ್‌ರೂಟ್ ಕುಟುಂಬವೂ ಹೆಚ್ಚುಕಡಿಮೆ ಹಾಗೇ. ಸಾಸಿವೆ ಲೋಹ ಎಳೆಯುತ್ತದೆ ಅನ್ನುವುದು ಒಂದು ಓದು, ಮೈಕೊರೈಜಾ ನೆರವಾಗುತ್ತದೆ ಅನ್ನುವುದು ಇನ್ನೊಂದು ಓದು, ಎರಡನ್ನೂ ಸೇರಿಸಿದರೆ ಆಗುವ ತೊಂದರೆ ಇದು. ನೀವೊಬ್ಬರೇ ಅಲ್ಲ, ಸಾಸಿವೆಗೆ ವ್ಯಾಮ್ ಹಾಕಿ ಅಂತ ಹೇಳುವ ಅಂಗಡಿಗಳೂ ಇವೆ.

ಬಿಳಿಜೋಳ, ಮೆಕ್ಕೆಜೋಳ, ಸೂರ್ಯಕಾಂತಿ, ಚೆಂಡು ಹೂ ಇದರಲ್ಲಿ ಒಂದನ್ನು ತೆಗೆದುಕೊಳ್ಳಿ. ಆರ್ಸೆನಿಕ್ ಮೇಲೆ ಕೆಲಸ ಮಾಡುವ ಆಸೆ ಇದ್ದರೆ ಟೆರಿಸ್ ವಿಟ್ಟಾಟಾ ಅನ್ನುವ ಜರೀಗಿಡ ಬಹಳ ಚೆನ್ನಾಗಿದೆ, 2001ರಲ್ಲಿ ಫ್ಲೋರಿಡಾದಲ್ಲಿ ಅದರ ಎಲೆಯಲ್ಲಿ ಒಣತೂಕದ ನೂರಕ್ಕೆ 2ಕ್ಕಿಂತ ಜಾಸ್ತಿ ಆರ್ಸೆನಿಕ್ ಸಿಕ್ಕಿತು, ಅದರ ಬೇರಲ್ಲಿ ಈ ಶಿಲೀಂಧ್ರವೂ ಇರುತ್ತದೆ. ಆದರೆ ನಿಮ್ಮದು ತಾಮ್ರ, ಜೋಳವೇ ಸಾಕು.

ಹೋಲಿಕೆಯ ಕುಂಡಗಳ ಬಗ್ಗೆ ನಿಮ್ಮ ಪತ್ರದಲ್ಲಿ ಏನೂ ಇಲ್ಲ. ಸುಮ್ನೆ ಶಿಲೀಂಧ್ರ ಹಾಕದ ಕುಂಡ ಇಟ್ಟರೆ ಸಾಲದು. ಅದೇ ಪುಡಿಯನ್ನು ಆಟೋಕ್ಲೇವ್ ಮಾಡಿ (ಒತ್ತಡದ ಹಬೆಯಲ್ಲಿ ಕಾಯಿಸಿ) ಸಾಯಿಸಿ ಹಾಕಿ, ಜೊತೆಗೆ ಜೀವಂತ ಪುಡಿಯನ್ನು ನೀರಲ್ಲಿ ಕದಡಿ ಸೋಸಿದ ತಿಳಿಯನ್ನೂ ಆ ಕುಂಡಕ್ಕೆ ಕೊಡಿ, ಇಲ್ಲದಿದ್ದರೆ ಬ್ಯಾಕ್ಟೀರಿಯಾ ಮಾಡಿದ್ದು ಯಾವುದು ಶಿಲೀಂಧ್ರ ಮಾಡಿದ್ದು ಯಾವುದು ಅಂತ ಬಿಡಿಸೋಕಾಗಲ್ಲ. ಶಿಲೀಂಧ್ರ ಇಲ್ಲದೆ ರಂಜಕವನ್ನಷ್ಟೇ ಸ್ವಲ್ಪ ಹೆಚ್ಚಿಗೆ ಕೊಟ್ಟ ಕುಂಡಗಳೂ ಇರಲಿ. ಬೇರು, ಕಾಂಡ ಬೇರೆ ಬೇರೆ ತೂಗಿ, ಬೇರೆ ಬೇರೆ ಪರೀಕ್ಷಿಸಿ. ಗಿಡ ದೊಡ್ಡದಾದಾಗ ಅಷ್ಟೇ ತಾಮ್ರ ಜಾಸ್ತಿ ಮೈಗೆ ಹಂಚಿಹೋಗಿ ಪ್ರಮಾಣ ಕಡಿಮೆ ಕಾಣುತ್ತದೆ, ಎಷ್ಟೋ ವರದಿಗಳಲ್ಲಿ ಇದನ್ನೇ ಶಿಲೀಂಧ್ರ ತಾಮ್ರ ತಡೆಯಿತು ಅಂತ ಬರೆದುಬಿಡುತ್ತಾರೆ. ಒಂದು ಗಿಡಕ್ಕೆ ಒಟ್ಟು ಎಷ್ಟು ಅನ್ನುವ ಲೆಕ್ಕವನ್ನೂ ಕೊಡಿ. ಬಣ್ಣಕ್ಕೆ ಟ್ರಿಪಾನ್ ಬ್ಲೂ ಬಳಸಿದರೆ ಗ್ಲೌಸ್ ಹಾಕಲೇಬೇಕು. ಶಾಯಿ ಮತ್ತು ವಿನೆಗರ್ ಬಳಸುವ ವಿಧಾನ 1998ರಿಂದ ಇದೆ, ಅಗ್ಗ, ಅಪಾಯವೂ ಕಡಿಮೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಡಿ.ಜೆ. ಭಾಗ್ಯರಾಜ್ ಅವರು ಈ ಶಿಲೀಂಧ್ರಗಳ ಮೇಲೆ ದಶಕಗಳ ಕಾಲ ಕೆಲಸ ಮಾಡಿದ್ದಾರೆ, ನಮ್ಮ ಮಣ್ಣು ನಮ್ಮ ಗಿಡಗಳ ಮೇಲಿನ ಅವರ ಬರಹಗಳನ್ನು ಮೊದಲು ಓದಿ.

ಪ್ರಶ್ನೆ: ನಾನು ಚಿತ್ರದುರ್ಗ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿ ಸದಸ್ಯೆ. ಊರ ಪಕ್ಕ ಹಳೇ ಗಣಿ ಮಣ್ಣಿನ ಗುಡ್ಡೆ ಇದೆ, ಹುಲ್ಲೂ ಸರಿಯಾಗಿ ಹುಟ್ಟಲ್ಲ. ನರೇಗಾದಲ್ಲಿ ಗಿಡ ನೆಡಬೇಕು ಅಂತಿದ್ದೀವಿ. ಯಾವ ಗಿಡ, ಶಿಲೀಂಧ್ರ ಎಲ್ಲಿ ಸಿಗುತ್ತೆ ತಿಳಿಸಿ ಮೇಡಂ.

ಉತ್ತರ: ಈ ಕಂತಿನಲ್ಲಿ ಬೇರಿನ ಶಿಲೀಂಧ್ರಕ್ಕೆ ಸರಿಯಾಗಿ ಒಪ್ಪುವ ಕೆಲಸ ಅಂದ್ರೆ ನಿಮ್ಮದೇ. ಅಂಥ ಗುಡ್ಡೆಯಲ್ಲಿ ವರ್ಷಗಟ್ಟಲೆ ಜೀವಂತ ಬೇರೇ ಇರುವುದಿಲ್ಲ, ಬೇರಿಲ್ಲದೆ ಈ ಶಿಲೀಂಧ್ರ ಬದುಕುವುದಿಲ್ಲ, ಅದಿಲ್ಲದೆ ನೆಟ್ಟ ಸಸಿ ಏಳುವುದು ಕಷ್ಟ. ಹಾಗಾಗಿ ಹೊರಗಿನಿಂದ ತಂದು ಕೊಡಬೇಕು.

ಮೊದಲು ಗುಡ್ಡೆ ಯಾವ ಗಣಿಯದು ಅಂತ ತಿಳಿದುಕೊಳ್ಳಿ. ಇಂಗಳದಾಳ್ ಕಡೆಯ ತಾಮ್ರದ ಬಂಡೆಯಂಥದ್ದಾದರೆ ಅದರಲ್ಲಿ ಗಂಧಕ ಸೇರಿರುತ್ತದೆ, ಗಾಳಿ ಮಳೆಗೆ ಬಿದ್ದಾಗ ಆಮ್ಲವಾಗುತ್ತದೆ, ಆಮ್ಲ ತಾಮ್ರವನ್ನು ಕರಗಿಸಿ ಹಳ್ಳಕ್ಕೆ ಇಳಿಸುತ್ತದೆ. ಅಲ್ಲಿ ಮೊದಲು ಸುಣ್ಣ ಹಾಕಿ ಹುಳಿ ಇಳಿಸಬೇಕು, ಜೊತೆಗೆ ಕೊಟ್ಟಿಗೆ ಗೊಬ್ಬರ. ಕಬ್ಬಿಣ, ಮ್ಯಾಂಗನೀಸ್ ಗುಡ್ಡೆಗೆ ಸುಣ್ಣ ಬೇಕೋ ಬೇಡವೋ ಅಂತ ರಸಸಾರ ನೋಡಿ ತೀರ್ಮಾನಿಸಿ. ಆರ್ಸೆನಿಕ್ ಇದ್ದರೆ ಮಾತ್ರ ಸುಣ್ಣ ತಿರುಗಿ ಹೊಡೆಯಬಹುದು, ಅದು ಇನ್ನಷ್ಟು ಕರಗುತ್ತದೆ. ಪರೀಕ್ಷೆ ಮಾಡದೆ ಏನನ್ನೂ ಸುರಿಯಬೇಡಿ.

ಮೊದಲ ಮಳೆಗಾಲ ಮರ ನೆಡುವ ಆತುರ ಬೇಡ. ಸೆಣಬು, ಹುರುಳಿ, ಸ್ಥಳೀಯ ಹುಲ್ಲುಗಳ ಬೀಜ ಎರಚಿ, ಇಳಿಜಾರಿಗೆ ಅಡ್ಡಲಾಗಿ ಲಾವಂಚದ ಸಾಲು ಹಾಕಿ. ಇವುಗಳ ಬೇರಲ್ಲಿ ಶಿಲೀಂಧ್ರ ಹಬ್ಬಿದ ಮೇಲೆ ಮುಂದಿನ ವರ್ಷ ಹೊಂಗೆ, ಬೇವು, ಕಮರ, ಜಾಲಿ ನೆಡಿ, ನಡುನಡುವೆ ತಂಗಡಿ. ತಂಗಡಿಯನ್ನು ಮೇಕೆ ಮುಟ್ಟುವುದಿಲ್ಲ, ಅದೇ ದೊಡ್ಡ ಅನುಕೂಲ. ಹುಣಸೆ, ಸೀತಾಫಲ, ನೆಲ್ಲಿ ಬೇಡ. ಜನ ಕಿತ್ತು ತಿನ್ನುತ್ತಾರೆ, ಬೋರ್ಡ್ ಹಾಕಿದರೂ ತಿನ್ನುತ್ತಾರೆ.

ಶಿಲೀಂಧ್ರವನ್ನು ನೀವೇ ಬೆಳೆಸಿಕೊಳ್ಳಬಹುದು, ಮಹಿಳಾ ಸಂಘಕ್ಕೆ ಒಳ್ಳೆ ಕೆಲಸ. ಗುಡ್ಡೆಯ ಅಂಚಿನಲ್ಲಿ ತಾನಾಗಿ ಬದುಕಿರುವ ಹುಲ್ಲು, ತಂಗಡಿ ಗಿಡಗಳ ಸಣ್ಣ ಬೇರು ಮತ್ತು ಬೇರಿಗಂಟಿದ ಮಣ್ಣು ತನ್ನಿ. ಆ ಲೋಹಕ್ಕೆ ಒಗ್ಗಿದ ಶಿಲೀಂಧ್ರ ಅಲ್ಲೇ ಇರುತ್ತದೆ. ಜರ್ಮನಿಯಲ್ಲಿ ಸತುವಿನ ಮಣ್ಣಲ್ಲಿ ಬೆಳೆಯುವ ಒಂದು ಹಳದಿ ಹೂವಿನ ಗಿಡದ ಬೇರಿನಿಂದ ಹೀಗೆ ತೆಗೆದ ಶಿಲೀಂಧ್ರವನ್ನು ಕೊಟ್ಟಾಗ ಲೋಹ ತುಂಬಿದ ಮಣ್ಣಲ್ಲಿ ಮೆಕ್ಕೆಜೋಳವೂ ಬೆಳೆಯಿತು. ಇಟ್ಟಿಗೆ ಕಟ್ಟಿ ಪ್ಲಾಸ್ಟಿಕ್ ಹಾಸಿದ ತೊಟ್ಟಿಯಲ್ಲಿ ಮರಳು, ಕೆಮ್ಮಣ್ಣು ಬೆರೆಸಿ, ತಂದ ಬೇರು ಮಣ್ಣನ್ನು ಪದರವಾಗಿ ಹಾಕಿ, ಮೇಲೆ ಜೋಳ ಒತ್ತಾಗಿ ಬಿತ್ತಿ. ಡಿಎಪಿ ಹಾಕಬೇಡಿ, ರಂಜಕ ಸಲೀಸಾಗಿ ಸಿಕ್ಕಿದರೆ ಗಿಡ ಶಿಲೀಂಧ್ರವನ್ನು ಹತ್ತಿರ ಸೇರಿಸುವುದಿಲ್ಲ. ಶಿಲೀಂಧ್ರನಾಶಕವೂ ಬೇಡ. ಮೂರು ತಿಂಗಳಾದ ಮೇಲೆ ನೀರು ನಿಲ್ಲಿಸಿ, ಹತ್ತು ದಿನ ಬಿಟ್ಟು ಮೇಲಿನ ಜೋಳ ಕೊಯ್ದು ಹಾಕಿ, ಬೇರನ್ನು ಕತ್ತರಿಸಿ ಅದೇ ಮಣ್ಣಿಗೆ ಬೆರೆಸಿ. ಹೆಪ್ಪು ಹಾಕಿದ ಹಾಲಿನ ಹಾಗೆ, ಮುಂದಿನ ತೊಟ್ಟಿಗೆ ಇದರಲ್ಲೇ ಒಂದಿಷ್ಟು ಎತ್ತಿಡಬಹುದು. ನರ್ಸರಿ ಕವರ್ ತುಂಬುವಾಗಲೇ ಬೀಜದ ಕೆಳಗೆ ಒಂದು ಹಿಡಿ ಹಾಕಿ, ಬೇರಿಗೆ ತಾಗಬೇಕು, ಗಿಡ ದೊಡ್ಡದಾದ ಮೇಲೆ ಮೇಲೆ ಎರಚಿದರೆ ಪ್ರಯೋಜನ ಕಡಿಮೆ. ಗುಡ್ಡೆಯ ಮಣ್ಣಿಂದ ಮಾಡಿದ ಈ ಪುಡಿಯಲ್ಲಿ ಲೋಹವೂ ಇರುತ್ತದೆ, ಅದನ್ನು ಗುಡ್ಡೆಗೆ ಮಾತ್ರ ಬಳಸಿ, ಯಾರ ಹೊಲಕ್ಕೂ ಮಾರಬೇಡಿ. ಅಂಗಡಿಯದು ತರುವುದಾದರೆ ಗ್ರಾಂಗೆ ಕನಿಷ್ಠ 100 ಜೀವಂತ ಕಣ ಇರಬೇಕು ಅಂತ ಸರ್ಕಾರದ ರಸಗೊಬ್ಬರ ಆದೇಶ ಹೇಳುತ್ತದೆ, ಪ್ಯಾಕೆಟ್ ಮೇಲೆ ಅದನ್ನೂ ತಯಾರಿಸಿದ ದಿನಾಂಕವನ್ನೂ ನೋಡಿ.

ಪ್ರಶ್ನೆ: ನಮ್ಮ ಬೋರ್ ನೀರಲ್ಲಿ ಫ್ಲೋರೈಡ್ ಇದೆ. ಬೋರ್ ಸುತ್ತ ವ್ಯಾಮ್ ಹಾಕಿದರೆ ಕಡಿಮೆ ಆಗುತ್ತಾ? (ಚಳ್ಳಕೆರೆ)

ಉತ್ತರ: ಇಲ್ಲ. ನಮ್ಮ ಕಡೆಯ ಫ್ಲೋರೈಡ್ ನೂರಾರು ಅಡಿ ಕೆಳಗಿನ ಕಲ್ಲಿನಿಂದ ನೀರಿಗೆ ಬರುತ್ತದೆ, ಈ ಶಿಲೀಂಧ್ರ ಇರುವುದು ಬೇರು ಇರುವಷ್ಟು ಆಳದಲ್ಲಿ. ಕುಡಿಯೋಕೆ ಶುದ್ಧ ನೀರಿನ ಘಟಕದ ನೀರನ್ನೋ ಮಳೆ ನೀರನ್ನೋ ಬಳಸಿ.

ಪ್ರಶ್ನೆ: ಗಣಿ ಗುಡ್ಡೆ ಮೇಲೆ ನೆಟ್ಟ ಹುಲ್ಲು ಈಗ ಸೊಂಪಾಗಿ ಬಂದಿದೆ. ದನಕ್ಕೆ ಕೊಯ್ದು ಹಾಕಬಹುದಾ? ಕೊಡದಿದ್ದರೆ ಗೊಬ್ಬರ ಮಾಡಬಹುದಾ? (ಹೊಸದುರ್ಗ)

ಉತ್ತರ: ಹುಲ್ಲನ್ನು ಪರೀಕ್ಷೆ ಮಾಡಿಸುವವರೆಗೆ ಕೊಡಬೇಡಿ. ಎಲೆಯೊಳಗೆ ಲೋಹ ಕಡಿಮೆ ಇದ್ದರೂ ಎಲೆಯ ಮೇಲೆ ಅದಿರಿನ ದೂಳು ಕೂತಿರುತ್ತದೆ, ದನ ಮೇಯುವಾಗ ಬುಡದ ಮಣ್ಣನ್ನೂ ಸೇರಿಸಿ ನುಂಗುತ್ತದೆ. ಕುರಿಗಳಿಗೆ ತಾಮ್ರ ಸ್ವಲ್ಪ ಹೆಚ್ಚಾದರೂ ತಡೆಯುವುದಿಲ್ಲ, ಲಿವರ್‌ಗೆ ಪೆಟ್ಟಾಗಿ ಸಾಯುತ್ತವೆ, ಹಾಗಾಗಿ ತಾಮ್ರದ ಗುಡ್ಡೆಗೆ ಕುರಿ ಬಿಡಲೇಬೇಡಿ. ಕೊಯ್ದ ಹುಲ್ಲನ್ನು ಅಲ್ಲೇ ಗಿಡಗಳ ಬುಡಕ್ಕೆ ಮುಚ್ಚಿಗೆಯಾಗಿ ಹಾಕಿ, ತೇವ ಉಳಿಯುತ್ತದೆ. ತಿಪ್ಪೆಗೆ ತರಬೇಡಿ, ಸುಡಲೂ ಬೇಡಿ. ಸುಟ್ಟರೆ ಲೋಹ ಬೂದಿಯಲ್ಲಿ ಉಳಿಯುತ್ತದೆ, ಆ ಬೂದಿ ಗಾಳಿಗೆ ಹಾರಿ ಊರೊಳಗೇ ಬರುತ್ತದೆ.